ಸ್ಕೂಟರ್ ಹಳೇ ಮನೆಗೇ ಹೋಗುತ್ತೆ, ಏನ್ ಮಾಡ್ಲಿ?

ಪ್ರಶ್ನೆ: ಹೋದ ತಿಂಗಳು ಕುವೆಂಪುನಗರದಿಂದ ವಿಜಯನಗರಕ್ಕೆ ಮನೆ ಬದಲಿಸಿದೆವು. ಹಳೇ ಮನೆಯಲ್ಲಿ 11 ವರ್ಷ ಇದ್ದೆವು. ಸಂಜೆ ದೇವರಾಜ ಅರಸು ರಸ್ತೆಯ ಅಂಗಡಿಗೆ ಬೀಗ ಹಾಕಿ ಹೊರಟರೆ ಸ್ಕೂಟರ್ ತಾನಾಗಿ ಹಳೇ ಮನೆ ಕಡೆಗೇ ಹೋಗುತ್ತದೆ, ಬಲ್ಲಾಳ್ ಸರ್ಕಲ್ ಬಂದ ಮೇಲೆ ಅಯ್ಯೋ ಅನ್ನಿಸುತ್ತದೆ. ಮೊನ್ನೆಯಂತೂ ಹಳೇ ಗೇಟಿನ ಚಿಲಕಕ್ಕೇ ಕೈ ಹಾಕಿದ್ದೆ, ಒಳಗಿಂದ ಯಾರದೋ ನಾಯಿ ಬೊಗಳಿತು. ನನಗಿನ್ನೂ 46. ‘ಆಗಲೇ ಅರಳುಮರಳಾ?’ ಅಂತ ಮನೆಯಲ್ಲಿ ತಮಾಷೆ. ಇದು ಮರೆವಿನ ಕಾಯಿಲೆಯಾ?
– ಒಬ್ಬ ಓದುಗರು, ಮೈಸೂರು

ಉತ್ತರ: ಅರಳುಮರಳು ಅಲ್ಲ ಸ್ವಾಮಿ. ಹಳೇ ದಾರಿ ನಿಮಗೆ ಜಾಸ್ತಿನೇ ನೆನಪಿದೆ, ಅದೇ ತೊಂದರೆ.

ನೆನಪೆಲ್ಲ ತಲೆಯ ಒಂದೇ ಡಬ್ಬಿಯಲ್ಲಿ ಇರುವುದಿಲ್ಲ. ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ್ದು, ಯಾರ್ಯಾರು ಬಂದಿದ್ದರು ಅನ್ನೋದು, ಊರಿನ ನಕ್ಷೆ, ಇವನ್ನು ಹಿಡಿದಿಡಲು ಹಿಪ್ಪೊಕ್ಯಾಂಪಸ್ ಅನ್ನೋ ಮೆದುಳಿನ ಭಾಗ ಬೇಕು. ದಿನಾ ಮಾಡಿ ಮಾಡಿ ಕೈಗೆ ಹತ್ತಿದ ಅಭ್ಯಾಸವನ್ನು ಮೆದುಳಿನ ಆಳದಲ್ಲಿರುವ ಸ್ಟ್ರಯೇಟಮ್ ನೋಡಿಕೊಳ್ಳುತ್ತದೆ.

1996ರಲ್ಲಿ ಪ್ಯಾಕರ್ಡ್ ಮತ್ತು ಮೆಕ್‌ಗಾ ಅನ್ನೋ ಇಬ್ಬರು ವಿಜ್ಞಾನಿಗಳು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು, ನಿಮ್ಮ ಕಥೆಯೇ ಅನ್ನಿ. ಕೂಡುರಸ್ತೆಯಂಥ ಪೆಟ್ಟಿಗೆ, ಒಂದು ಕವಲಿನಲ್ಲಿ ತಿಂಡಿ. ಎಂಟು ದಿನ ಅಭ್ಯಾಸ ಮಾಡಿಸಿ ಎದುರು ದಿಕ್ಕಿನಿಂದ ಬಿಟ್ಟರೆ ಹೆಚ್ಚಿನ ಇಲಿಗಳು ತಿಂಡಿ ಇದ್ದ ಜಾಗಕ್ಕೇ ಸರಿಯಾಗಿ ಹೋದವು. ಹದಿನಾರು ದಿನವಾದ ಮೇಲೆ? ಅದೇ ಪರೀಕ್ಷೆಯಲ್ಲಿ ಹೆಚ್ಚಿನವು ಸುಮ್ನೆ ರೂಢಿಯ ಕಡೆಗೇ ತಿರುಗಿ ತಪ್ಪು ಜಾಗ ಸೇರಿದವು. ಆಗ ಅಭ್ಯಾಸದ ಭಾಗಕ್ಕೆ ಮದ್ದು ಹಾಕಿ ಸ್ವಲ್ಪ ಹೊತ್ತು ಮರಗಟ್ಟಿಸಿದರೆ ಮತ್ತೆ ಸರಿಯಾದ ಜಾಗಕ್ಕೇ ಹೋದವು! ಅಂದರೆ ನಕ್ಷೆ ಅಳಿಸಿರಲಿಲ್ಲ, ಅಭ್ಯಾಸ ಅದಕ್ಕಿಂತ ಮುಂದೆ ಬಂದು ನಿಂತಿತ್ತು. ನೀವು ಅಂಗಡಿಯ ಲೆಕ್ಕ ಯೋಚಿಸುತ್ತಾ ಗಾಡಿ ಓಡಿಸುವಾಗ ಆಗುವುದೂ ಹೆಚ್ಚುಕಮ್ಮಿ ಇದೇ. ಸುಸ್ತು, ಟೆನ್ಷನ್ ಇದ್ದ ದಿನ ಇನ್ನೂ ಜಾಸ್ತಿ.

21 ದಿನಕ್ಕೆ ಹೊಸ ಅಭ್ಯಾಸ ಬರುತ್ತೆ ಅಂತ ವಾಟ್ಸಾಪಿನಲ್ಲಿ ಓದಿರುತ್ತೀರಿ, ನಂಬಬೇಡಿ. ಲಂಡನ್ನಿನಲ್ಲಿ ಜನರನ್ನು ಗಮನಿಸಿ ಲೆಕ್ಕ ಹಾಕಿದಾಗ ಸುಮಾರು 66 ದಿನ ಬಂತು, ಅದೂ ಒಬ್ಬರಿಗೆ 18, ಇನ್ನೊಬ್ಬರಿಗೆ 254.

ಬಲ್ಲಾಳ್ ಸರ್ಕಲ್‌ನಲ್ಲಿ ಎಚ್ಚರವಾಗಿರುತ್ತೇನೆ ಅಂದುಕೊಂಡರೆ ಪ್ರಯೋಜನ ಕಮ್ಮಿ, ಅಷ್ಟು ಹೊತ್ತಿಗೆ ಅಭ್ಯಾಸ ಶುರುವಾಗಿ ಹೋಗಿರುತ್ತೆ. ಬೀಗ ಹಾಕಿ ಅದೇ ಜಾಗದಿಂದ ಗಾಡಿ ತೆಗೆಯುತ್ತೀರಲ್ಲ, ಕೀಲಿ ಇರುವುದು ಅಲ್ಲಿ. ಅದಕ್ಕೇ ಸ್ಕೂಟರನ್ನು ಬೇರೆ ಕಡೆ ನಿಲ್ಲಿಸಿ, ಹೊರಡುವಾಗ ಬಾಯಿಬಿಟ್ಟು ‘ಹುಣಸೂರು ರಸ್ತೆ’ ಅನ್ನಿ. ಪಕ್ಕದ ಅಂಗಡಿಯವರು ನಕ್ಕರೆ ನಗಲಿ.

ಒಂದು ವಿಷಯ ಮಾತ್ರ ಗಮನದಲ್ಲಿರಲಿ. ದಾರಿ ತಪ್ಪಿದೆ ಅಂತ ನಿಮಗೇ ಹೊಳೆಯುತ್ತಿದೆ, ವಾಪಸ್ ಬರುತ್ತಿದ್ದೀರಿ, ಸರಿ. ಗೊತ್ತಿರುವ ರಸ್ತೆಯೇ ಹೊಸದು ಅನ್ನಿಸಿ ಎಲ್ಲಿದ್ದೇನೆ ಅಂತ ತಿಳಿಯದೇ ಹೋದರೆ ಆಗ ನರರೋಗ ವೈದ್ಯರನ್ನು ನೋಡಿ.