ನೀರು ಕಟ್ಟುವ ವಾರದ ಲೋ ಶುಗರ್

ಹೆಸರು, ವಯಸ್ಸು ಬದಲಿಸಿದ್ದೇನೆ. ತೆಂಗಿನ ಸೀಮೆಯವರು ಅಂದರೆ ಸಾಕು.

ರಂಗಪ್ಪನವರಿಗೆ 58. ಎರಡು ಹೊತ್ತು ಮಿಕ್ಸ್ ಇನ್ಸುಲಿನ್, ಅಂದರೆ ಬೇಗ ಕೆಲಸ ಮಾಡುವುದನ್ನೂ ನಿಧಾನದ್ದನ್ನೂ ಬೆರೆಸಿದ ಸೂಜಿ. "ರಾತ್ರಿ ಸೂಜಿ ಬಿಟ್ಟಿದ್ದಾರೆ, ಸ್ವಲ್ಪ ಮಾತಾಡಿ" ಅಂತ ಡಾಕ್ಟರು ನನ್ನ ಹತ್ತಿರ ಕಳಿಸಿದ್ದರು. ಬೆಳಗಿನ ಖಾಲಿ ಹೊಟ್ಟೆಯ ಶುಗರ್ 260, ತುಂಬ ಜಾಸ್ತಿ.

ಯಾಕೆ ಬಿಟ್ಟಿರಿ ಅಂದರೆ ಅವರು ಸುಮ್ಮನೆ ಕೂತರು. ಹೆಂಡತಿ ಸಾವಿತ್ರಮ್ಮನೇ ಹೇಳಿದರು: "ನಿದ್ದೇಲಿ ಕೂಗ್ಕೊಳ್ತಾರೆ ಮೇಡಂ. ಮುಟ್ಟಿದ್ರೆ ಬನಿಯನ್ ಹಿಂಡೋ ಹಾಗೆ ಒದ್ದೆ. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದೆ." ಒಂದು ರಾತ್ರಿ ತೋಟದ ಬದುವಿನ ಮೇಲೆ ಕೂತು ತೊದಲುತ್ತಿದ್ದರಂತೆ. ಕಂಡವರು ಕುಡಿದಿದ್ದಾನೆ ಅಂದರು. ಹೆಂಡ ಮುಟ್ಟದ ಮನುಷ್ಯ. ಮಗನೂ ಅದನ್ನೇ ನಂಬಿ ಮಾತು ಬಿಟ್ಟಿದ್ದ. ಸೂಜಿಯಿಂದಲೇ ಹೀಗೆ ಅಂತ ಇವರು ಸೂಜಿ ಬಿಟ್ಟರು. ಲೆಕ್ಕ ಪೂರ್ತಿ ತಪ್ಪೇನಲ್ಲ.

ಬೆವರು, ಕೆಟ್ಟ ಕನಸು, ತೊದಲು ಎಲ್ಲವೂ ಶುಗರ್ ಇಳಿದದ್ದರ ಗುರುತು. ನಿದ್ದೆಯಲ್ಲಿ ನಡುಕ, ಹಸಿವು ಗೊತ್ತೇ ಆಗದೆ ಹೋಗಬಹುದು. ಆದರೆ ದಿನಾ ಯಾಕೆ ಆಗುತ್ತಿರಲಿಲ್ಲ? "ಎಷ್ಟೊತ್ತಿಗೆ ಮಲಗ್ತೀರಿ?" ಅಂತ ಕೇಳಿದಾಗ ಗಂಟು ಬಿಚ್ಚಿತು. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಗೆ ಬಂದ ವಾರ 11ಕ್ಕೆ ಮೋಟರ್ ಹಾಕಿ, ಗುದ್ದಲಿ ಹಿಡಿದು 2ರವರೆಗೆ ನೀರು ಕಟ್ಟುತ್ತಾರೆ. ಸೂಜಿ, ಊಟ 8ಕ್ಕೇ ಮುಗಿದಿರುತ್ತದೆ. ಮಿಕ್ಸ್‌ನಲ್ಲಿರುವ ನಿಧಾನದ ಇನ್ಸುಲಿನ್ ಜೋರಾಗುವ ಹೊತ್ತಿಗೇ ಮೈಮುರಿಯುವ ಕೆಲಸ. ಮಲಗಿದ ಮೇಲೂ ಗಂಟೆಗಟ್ಟಲೆ ಶುಗರ್ ಇಳಿಯುತ್ತಲೇ ಇರಬಹುದು. ಡಾಕ್ಟರು ಬರೆದದ್ದು ಉಂಡು ಮಲಗುವವರ ಡೋಸು. ಇವರು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ.

ಡೋಸು ಬದಲಿಸುವುದು ನನ್ನ ಕೆಲಸವಲ್ಲ. ಅವತ್ತೇ ಡಾಕ್ಟರ ಹತ್ತಿರ ವಾಪಸ್ ಕರೆದುಕೊಂಡು ಹೋದೆ. ನೀರು ಕಟ್ಟುವ ವಾರಕ್ಕೆ ಬೇರೆ ಡೋಸು ಬರೆದರು. ತೋಟಕ್ಕೆ ಹೊರಡುವ ಮುಂಚೆ ಒಮ್ಮೆ, ರಾತ್ರಿ 3ಕ್ಕೆ ಒಮ್ಮೆ ಬೆರಳು ಚುಚ್ಚಿ ನೋಡಿ ಬರೆದಿಡಿ ಅಂದೆ. ಹೊರಡುವಾಗ 100ರ ಕೆಳಗಿದ್ದರೆ ಏನಾದರೂ ತಿಂದು, ಮತ್ತೆ ನೋಡಿ ಹೋಗಬೇಕು. 70ಕ್ಕಿಂತ ಕಡಿಮೆ ಬಂದರೆ ಮೂರು ಟೀ ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ನೀರಿಗೆ ಹಾಕಿ ಕುಡಿಯಬೇಕು. 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಬೇಕು. ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಏರಿದ ಮೇಲೆ ಒಂದು ಬಾಳೆಹಣ್ಣೋ ಹಾಲೋ.

"ಕೊಬ್ಬರಿ ಮಿಠಾಯಿ ಆಗಲ್ವಾ?" ಅಂದರು ರಂಗಪ್ಪನವರು. ಆ ಹೊತ್ತಿಗೆ ಆಗಲ್ಲ. ಕೊಬ್ಬರಿಯ ಜಿಡ್ಡು ಸಕ್ಕರೆ ರಕ್ತಕ್ಕೆ ಸೇರೋದನ್ನು ತಡಮಾಡುತ್ತದೆ. ಪುಡಿಯನ್ನೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಅಂಗಿ ಜೇಬಿನಲ್ಲಿ ಇಟ್ಟುಕೊಳ್ಳಿ ಅಂದೆ.

ಮುಂದಿನ ಸಲ ಮಗನನ್ನೂ ಕರೆಸಿದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು ಅಂತ ಎರಡು ಸಲ ಹೇಳಿಸಿದೆ. ಆಮೇಲೆ ಪುಸ್ತಕ ತೆಗೆದು ತೋರಿಸಿದೆ. ಡೋಸು ಇಳಿಸಿದ ಮೇಲೂ ನೀರು ಕಟ್ಟಿದ ಒಂದು ರಾತ್ರಿ, 3 ಗಂಟೆಗೆ ಶುಗರ್ 58. ಹುಡುಗ ತುಂಬ ಹೊತ್ತು ಅದನ್ನೇ ನೋಡಿದ. "ಅವತ್ತು ಬದುವಿನ ಮೇಲೂ ಇದೇನಾ?" ಅಂದ. ಈಗ ರಾತ್ರಿ ಪಾಳಿ ಬಂದರೆ ಗುದ್ದಲಿ ಅವನದು, ಮೋಟರ್ ಹಾಕೋದಷ್ಟೇ ಅಪ್ಪನದು. ಆ 58 ತೋರಿಸಿದಾಗ ಡಾಕ್ಟರು ಡೋಸನ್ನು ಇನ್ನೊಮ್ಮೆ ಸರಿಮಾಡಿದರು.

ಸಾವಿತ್ರಮ್ಮ ಇನ್ನೂ 2 ಗಂಟೆಗೆ ಎದ್ದು ಬನಿಯನ್ ಮುಟ್ಟಿ ನೋಡ್ತಾರಂತೆ. ತಾಯತ ಬಿಚ್ಚಿಲ್ಲ. ಬಿಚ್ಚಿ ಅಂತ ನಾನೂ ಹೇಳಲಿಲ್ಲ.