ಆ ಗೋಣಿ ಪರದೆಯಿಂದಲೇ ಶುರು ಮಾಡಿ

ನಮಸ್ಕಾರ.

ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಜೊತೆಗಿದ್ದ ಎಂಟು ಬಟ್ಟೆಚಿತ್ರಗಳ ಫೋಟೊಗಳನ್ನು ಅದಕ್ಕಿಂತ ಹೆಚ್ಚು ಸಲ ನೋಡಿದೆ. ಈಗಿರುವ ರೂಪದಲ್ಲಿ ಲೇಖನವನ್ನು ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದದ ಪತ್ರ.

ನೀವು ಬೆಂಗಳೂರಿನಲ್ಲಿ ಹುಟ್ಟಿ, ಶಾಲೆಯಲ್ಲಿ ಕನ್ನಡ ಕಲಿತು, ಮನೆಯಲ್ಲಿ ಅಜ್ಜಿಯ ಸಿಂಧಿ ಕೇಳುತ್ತ ಬೆಳೆದವರು. ಅಜ್ಜಿಯ ಹಳೆಯ ಬಟ್ಟೆಗಳನ್ನು ತುಂಡು ಮಾಡಿ, ಸಿಂಧಿನ ಹೆಂಗಸರು ರಿಲ್ಲಿ ಹೊಲಿಯುವ ಕ್ರಮದಲ್ಲಿ ಜೋಡಿಸಿದ್ದೀರಿ. ರಿಲ್ಲಿ ಎಂದರೆ ನಮ್ಮ ಕೌದಿಯ ಅಕ್ಕತಂಗಿ ಎಂದು ಒಂದು ಮಾತು ಸೇರಿಸಿದರೆ ಸಾಕು, ಓದುಗರ ಕಣ್ಣಿಗೆ ಕಟ್ಟುತ್ತದೆ. ಚಿತ್ರಗಳಲ್ಲಿ ಜೀವ ಇದೆ. ಬರಹ ಅಲ್ಲಿಗೆ ಮುಟ್ಟಿಲ್ಲ. ‘ಬೇರು’, ‘ಅಸ್ಮಿತೆ’, ‘ಗಾಯ’ ಎಂಬ ಮೂರು ಪದಗಳು ನಾಲ್ಕು ಪುಟಗಳಲ್ಲಿ ಹತ್ತೊಂಬತ್ತು ಸಲ ಬಂದಿವೆ. ಅಷ್ಟನ್ನೂ ಹೊಡೆದುಹಾಕಿ.

ಒಂದು ತಪ್ಪನ್ನು ಮೊದಲೇ ಹೇಳಬೇಕು. ‘1947ರಲ್ಲಿ ಪಂಜಾಬ್, ಬಂಗಾಳಗಳ ಹಾಗೆ ಸಿಂಧ್ ಕೂಡ ಎರಡು ಹೋಳಾಯಿತು’ ಎಂದು ಬರೆದಿದ್ದೀರಿ. ಆಗಲಿಲ್ಲ. ಸಿಂಧ್ ಇಡಿಯಾಗಿ ಪಾಕಿಸ್ತಾನಕ್ಕೆ ಸೇರಿತು. ಲಾಹೋರಿನಿಂದ ಬಂದವರಿಗೆ ಈಚೆ ಬದಿಯಲ್ಲೂ ಒಂದು ಪಂಜಾಬ್ ಇತ್ತು. ನಿಮ್ಮ ಅಜ್ಜಿಯಂಥವರಿಗೆ ಈಚೆಗೆ ಸಿಂಧಿನ ಒಂದು ತಾಲ್ಲೂಕೂ ಇರಲಿಲ್ಲ. ತನ್ನದೊಂದು ರಾಜ್ಯವಿಲ್ಲದ ಸಿಂಧಿ ಭಾಷೆ ಸಂವಿಧಾನದ ಎಂಟನೇ ಪರಿಚ್ಛೇದ ಸೇರಲು 1967ರವರೆಗೆ ಕಾಯಬೇಕಾಯಿತು. ನಿಮ್ಮ ಲೇಖನದ ನಡುಗಂಬವೇ ಇದು, ಅದನ್ನೇ ಕಿತ್ತುಹಾಕಿದ್ದೀರಿ.

ಕನ್ನಡದ ಓದುಗರಿಗೆ ಊರು ಕಳೆದುಕೊಳ್ಳುವುದೆಂದರೆ ಮುಳುಗಡೆ. ಲಿಂಗನಮಕ್ಕಿ, ಆಲಮಟ್ಟಿ ಎಂದರೆ ಸಾಕು, ಅರ್ಥವಾಗುತ್ತದೆ. ಆದರೆ ನಿಮ್ಮ ಅಜ್ಜಿಯ ಹೈದರಾಬಾದ್ ಮುಳುಗಿಲ್ಲ. (ಸಿಂಧಿನ ಹೈದರಾಬಾದ್ ಎಂದು ಮೊದಲ ಸಾಲಿನಲ್ಲೇ ತಿಳಿಸಿ, ಇಲ್ಲದಿದ್ದರೆ ನಮ್ಮವರು ಚಾರ್‌ಮಿನಾರ್ ನೆನೆಯುತ್ತಾರೆ.) ಆ ಊರು ಅಲ್ಲೇ ಇದೆ. ಬಿಟ್ಟುಬಂದ ಮನೆಗಳಲ್ಲಿ ಬೇರೆಯವರು ಒಲೆ ಹಚ್ಚಿದರು. ಅವರಲ್ಲಿ ಎಷ್ಟೋ ಮಂದಿ ಭಾರತದಲ್ಲಿ ತಮ್ಮ ಮನೆ ಬಿಟ್ಟು ಅತ್ತ ಹೋದವರು. ಈ ಸಂಕಟ ನಮ್ಮ ಮುಳುಗಡೆಯ ಸಂಕಟದಿಂದ ಬೇರೆ. ಎಲ್ಲಿ ಬೇರೆ ಎಂಬುದನ್ನು ನೀವು ಬರೆಯಬೇಕು.

ಇನ್ನು ಅಜರಕ್. ಎರಡನೇ ಚಿತ್ರದ ನೀಲಿ-ಕೆಂಪು ಅಚ್ಚಿನ ಬಟ್ಟೆ ‘ಅಜ್ಜಿಯ ನೆನಪು’ ಎಂದಿದ್ದೀರಿ. ಪತ್ರದಲ್ಲಿ ಮಾತ್ರ, ಅದನ್ನು ಕರಕುಶಲ ಮೇಳದಲ್ಲಿ ಕೊಂಡೆ ಎಂದು ತಿಳಿಸಿದ್ದೀರಿ. ಸಿಂಧಿನಲ್ಲಿ ಅಜರಕ್ ಹೆಚ್ಚಾಗಿ ಹಳ್ಳಿಯ ರೈತರ, ದನಗಾಹಿಗಳ ಹೊದಿಕೆ. ಪೇಟೆಯ ವ್ಯಾಪಾರಸ್ಥರ ಮನೆಯ ಹುಡುಗಿ ಅದನ್ನು ಹೊದ್ದಿದ್ದರೇ? ಕೇಳಿದ್ದೀರಾ? ನೀವು ಕೊಂಡ ಬಟ್ಟೆ ಕಛ್‌ನ ಅಜರಖಪುರದ್ದಾಗಿದ್ದರೆ ಅದಕ್ಕೂ ಒಂದು ಕಥೆಯಿದೆ: ಹಿಂದೆಂದೋ ಸಿಂಧಿನಿಂದ ಬಂದ, ಬಟ್ಟೆಗೆ ಅಚ್ಚು ಹಾಕುವ ಖತ್ರಿ ಮನೆತನಗಳು 2001ರ ಭೂಕಂಪದ ನಂತರ ಧಮಡ್ಕಾ ಹಳ್ಳಿಯಿಂದ ಎದ್ದು ಕಟ್ಟಿಕೊಂಡ ಊರು ಅದು. ಮೇಳದಲ್ಲಿ ಕೊಂಡೆ ಎಂದೇ ಬರೆಯಿರಿ. ಅಜ್ಜಿಯದಲ್ಲದ ಬಟ್ಟೆಯನ್ನು ಅಜ್ಜಿಯದೆಂದು ಹೊಲಿಯಬೇಕು ಅನ್ನಿಸಿತಲ್ಲ, ಆ ಆಸೆ ಓದುಗರಿಗೆ ಕಾಣಲಿ.

ಐದನೇ ಚಿತ್ರದಲ್ಲಿ ಮುತ್ತಜ್ಜನ ಅಂಗಡಿಯ ಲೆಕ್ಕದ ಪುಸ್ತಕದಿಂದ ಒಂದು ಹಾಳೆ ಅಂಟಿಸಿದ್ದೀರಿ, ‘ಅರಬಿ ಲಿಪಿಯ ಬಳ್ಳಿಗಳು’ ಎಂದು ವರ್ಣಿಸಿದ್ದೀರಿ. ಫೋಟೊ ದೊಡ್ಡದು ಮಾಡಿ ನೋಡಿದೆ. ಅದು ಅರಬಿಯಂತೆ ಕಾಣುವುದಿಲ್ಲ. ಸಿಂಧಿಯ 52 ಅಕ್ಷರಗಳ ಅರಬಿ ಲಿಪಿಯನ್ನು ಬ್ರಿಟಿಷರು 1853ರಲ್ಲಿ ಗೊತ್ತುಮಾಡಿದರೂ ವ್ಯಾಪಾರಿಗಳು ಲೆಕ್ಕಕ್ಕೆ ತಮ್ಮದೇ ಹಟವಾಣಿಕಾ ಬರಹ ಬಳಸುತ್ತಿದ್ದರು. ಎಡದಿಂದ ಬಲಕ್ಕೆ ಹೋಗುವ ಬರಹ ಅದು, ಸ್ವರಚಿಹ್ನೆಗಳು ಇಲ್ಲವೆನ್ನುವಷ್ಟು ಕಡಿಮೆ. ಓದಬಲ್ಲ ಹಿರಿಯರನ್ನು ಹುಡುಕಿ ಓದಿಸಿ. ಯಾರೋ ಕೊಡಬೇಕಿದ್ದ ಬಾಕಿ ಇರಬಹುದು, ಎಣ್ಣೆ-ಬೇಳೆಯ ಲೆಕ್ಕ ಇರಬಹುದು. ಓದಿಸುವ ಮೊದಲೇ ಅದನ್ನು ಬಳ್ಳಿ ಅನ್ನಬೇಡಿ.

ಇಷ್ಟೆಲ್ಲದರ ನಡುವೆ, ಮೂರನೇ ಪುಟದ ಕೊನೆಯಲ್ಲಿ ಒಂದೇ ಒಂದು ವಾಕ್ಯ: ‘ಬೆಂಗಳೂರಿನ ಸ್ವಂತ ಮನೆಯಲ್ಲೂ ಅಜ್ಜಿ ಮಲಗುವ ಮೂಲೆಗೆ ಗೋಣಿತಾಟಿನ ಪರದೆ ಕಟ್ಟಿಕೊಳ್ಳುತ್ತಿದ್ದರು.’ ನಾನು ಅಲ್ಲೇ ನಿಂತುಬಿಟ್ಟೆ. ನೀವು ನಿಲ್ಲಲಿಲ್ಲ, ಮುಂದಿನ ಸಾಲಿನಲ್ಲೇ ಅಸ್ಮಿತೆಗೆ ಹೊರಟುಹೋದಿರಿ.

ಅವರು ಕರಾಚಿಯಿಂದ ಹಡಗಿನಲ್ಲಿ ಮುಂಬೈಗೆ ಬಂದು, ಅಲ್ಲಿಂದ ಕಲ್ಯಾಣ್ ಕ್ಯಾಂಪಿಗೆ ಹೋದರೆಂದು ಬರೆದಿದ್ದೀರಿ. ಎರಡನೇ ಮಹಾಯುದ್ಧದ ಸೈನಿಕರಿಗಾಗಿ ಕಟ್ಟಿದ್ದ ಬ್ಯಾರಕ್‌ಗಳು ಅವು. 1949ರಲ್ಲಿ ಆ ಜಾಗಕ್ಕೆ ಉಲ್ಲಾಸನಗರ ಎಂದು ಹೆಸರಾಯಿತು. ಉದ್ದನೆಯ ಒಂದೇ ಹಾಲ್, ಅದರಲ್ಲಿ ಹತ್ತಾರು ಸಂಸಾರ, ನಡುವೆ ಗೋಡೆಯ ಬದಲು ಬಟ್ಟೆ, ಗೋಣಿ. ಅಜ್ಜಿಗೆ ಆಗ ಎಷ್ಟು ವಯಸ್ಸು? ಪರದೆಯ ಆಚೆ ಯಾರಿದ್ದರು? ಅಲ್ಲಿಂದ ಏನೇನು ಕೇಳಿಸುತ್ತಿತ್ತು? ಗೋಡೆಯಿದ್ದ ಮನೆಗೆ ಬಂದ ಮೇಲೂ ಅವರಿಗೆ ಪರದೆ ಏಕೆ ಬೇಕಾಯಿತು, ಅದನ್ನು ಕೊನೆಗೆ ಬಿಚ್ಚಿದವರು ಯಾರು? ಆರನೇ ಚಿತ್ರದಲ್ಲಿ ಹೊಲಿದಿರುವುದು ಅದೇ ಗೋಣಿಯೇ? ಲೇಖನ ಇಲ್ಲಿಂದಲೇ ಶುರುವಾಗಲಿ. ಆರಂಭದಲ್ಲಿರುವ ಸಿಂಧಿನ ಜನಪದದ ಮಾರುಯಿ ಕಥೆಯನ್ನು, ರಾಜ ಉಮರನ ಕೋಟೆಯಲ್ಲಿ ರೇಷ್ಮೆ ಬೇಡವೆಂದು ತನ್ನೂರಿನ ಒರಟು ಕಂಬಳಿ ಬಿಡದ ಆ ಹುಡುಗಿಯ ಕಥೆಯನ್ನು, ಗೋಣಿಯ ಪಕ್ಕಕ್ಕೆ ತನ್ನಿ. ಹೋಲಿಸಲು ಹೋಗಬೇಡಿ, ಪಕ್ಕದಲ್ಲಿಟ್ಟರೆ ಸಾಕು.

‘ಅಜ್ಜಿ’ ಎಂಬ ಪದವನ್ನೂ ತೆಗೆದು, ನೀವು ಕರೆಯುತ್ತಿದ್ದಂತೆ ‘ಡಾಡಿ’ ಎಂದೇ ಬರೆಯಿರಿ. ಉಸಿರನ್ನು ಒಳಕ್ಕೆ ಸೆಳೆದು ನುಡಿಯುವ ಆ ‘ಡ’ಕ್ಕೆ ನಮ್ಮ ಲಿಪಿಯಲ್ಲಿ ಅಕ್ಷರವಿಲ್ಲ. ಅದನ್ನು ಹೇಗೆ ನುಡಿಯುತ್ತಾರೆಂದು ಎರಡು ಸಾಲಿನಲ್ಲಿ ತಿಳಿಸಿ, ಓದುಗರು ತಾವೇ ನುಡಿದು ನೋಡುತ್ತಾರೆ.

ಹೊಸ ಪ್ರತಿಯ ಜೊತೆ ಆರನೇ ಚಿತ್ರದ ಫೋಟೊವನ್ನು ಹಗಲು ಬೆಳಕಿನಲ್ಲಿ ಇನ್ನೊಮ್ಮೆ ತೆಗೆದು ಕಳಿಸಿ. ಈಗಿನದರಲ್ಲಿ ಗೋಣಿಯ ನೇಯ್ಗೆ ಕಾಣುತ್ತಿಲ್ಲ.