ಸಾಗಕಳುಹಿಸುವ ಲೆಕ್ಕ

ಮುಂಬೈ ಹತ್ತಿರದ ಡೊಂಬಿವಲಿಯ ಓದುಗರೊಬ್ಬರ ಪತ್ರದ ಸಾರ: "ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ವರ್ಷಕ್ಕೊಮ್ಮೆ ಮೂರು ದಿನದ ಉಜ್ಜೀವನ ಕೂಟ. ಊರ ಕಡೆಯಿಂದ ಬೋಧಿಸಲು ಬರುವ ಸುವಾರ್ತಿಕರು ಇಳಿದುಕೊಳ್ಳುವುದು ನಮ್ಮ ಒನ್ ಬಿಎಚ್‌ಕೆಯಲ್ಲಿ. ಕಳೆದ ಸಲ ಬಂದ ದಂಪತಿಗೆ ವಾಪಸು ಟಿಕೆಟ್ ಸಿಗದೆ ಒಂಬತ್ತು ದಿನ ಉಳಿದರು. ಬೇಸರ ಬಂತು, ಬೇಸರಪಟ್ಟೆನಲ್ಲ ಎಂದು ಸಂಕಟವೂ ಆಯಿತು. ಎಷ್ಟು ದಿನ ಇಟ್ಟುಕೊಳ್ಳಬೇಕು? ಕೈಗೆ ಎಷ್ಟು ಕೊಡಬೇಕು? ಹೊರಡುವಾಗ ಒಂದು ಸೀಸೆ ಉಪ್ಪಿನಕಾಯಿ ಕೊಟ್ಟರೆ ಸಾಲದೆ?"

ಸಂಪಾದಕರ ಉತ್ತರ:

ಸಂಕಟಪಡಬೇಡಿ. ಗೊಣಗದೆ ಸತ್ಕಾರ ಮಾಡಿರಿ ಎಂದು ಯೇಸುವಿನ ಶಿಷ್ಯ ಪೇತ್ರನು ಬರೆಯಬೇಕಾಗಿ ಬಂದದ್ದು ಆ ಕಾಲದ ಮನೆಗಳಲ್ಲೂ ಗೊಣಗಾಟ ಇದ್ದುದರಿಂದಲೇ. ಆದರೆ ಒಂಬತ್ತು ದಿನದ ತಪ್ಪು ಆ ದಂಪತಿಯದಲ್ಲ, ನಿಮ್ಮದೂ ಅಲ್ಲ. ಅದು ಸಭೆಯ ಕಮಿಟಿಯದು. ಆ ತಪ್ಪು ಎಲ್ಲಿ ಆಗುತ್ತದೆ ಎಂದು ನೋಡಿ. ರೈಲಿನ ಬುಕಿಂಗ್ ತೆರೆಯುವುದು 60 ದಿನ ಮೊದಲು. 2024ರ ನವೆಂಬರ್‌ಗೆ ಮುಂಚೆ ಇದ್ದ 120 ದಿನದ ಲೆಕ್ಕವನ್ನೇ ಕೆಲವು ಕಾರ್ಯದರ್ಶಿಗಳು ಇನ್ನೂ ತಲೆಯಲ್ಲಿಟ್ಟುಕೊಂಡಿದ್ದಾರೆ. ಬರುವ ಟಿಕೆಟ್ ತೆಗೆಯುವ ದಿನ ಹಿಂತಿರುಗುವ ತಾರೀಖು ಇನ್ನೂ ತೆರೆದಿರುವುದಿಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ಕೂತು ತೆಗೆಯಬೇಕು. ಮರೆಯುವುದು ಅಲ್ಲೇ. ಆಮೇಲೆ ವೇಟಿಂಗ್ ಲಿಸ್ಟ್. ಚಾರ್ಟ್ ಆಗುವವರೆಗೂ ಕನ್ಫರ್ಮ್ ಆಗದ ಇ-ಟಿಕೆಟ್ ತಾನಾಗಿ ರದ್ದು. ಉಳಿದದ್ದು ತತ್ಕಾಲ್: ಹಿಂದಿನ ದಿನ ಬೆಳಿಗ್ಗೆ 10ಕ್ಕೆ ಎಸಿ, 11ಕ್ಕೆ ಸ್ಲೀಪರ್. ಆ ಹೊತ್ತಿಗೆ ಕಮಿಟಿಯವರೆಲ್ಲ ಆಫೀಸಿನಲ್ಲಿ. ಆದ್ದರಿಂದ ವಾಪಸು ಟಿಕೆಟ್ ತೆಗೆಯುವ ಹೊಣೆ ಒಬ್ಬರ ಹೆಸರಿಗೆ, ತಾರೀಖಿನ ಸಮೇತ ಬರೆದಿರಲಿ. ಬುಕ್ ಮಾಡುವಾಗ ಸರಿಯಾದ ವಯಸ್ಸು ಹಾಕಿ. 60 ದಾಟಿದ ಗಂಡಸರಿಗೂ 45 ದಾಟಿದ ಹೆಂಗಸರಿಗೂ ಲೋವರ್ ಬರ್ತ್ ಕೋಟಾ ಇದೆ.

ಎಷ್ಟು ದಿನ ಎಂಬ ಪ್ರಶ್ನೆ ಸಭೆಯಷ್ಟೇ ಹಳೆಯದು. 'ದಿದಖೆ' ಎಂಬ ಆದಿಸಭೆಯ ಕೈಪಿಡಿಯ ಪ್ರತಿ 1873ರಲ್ಲಿ ಸಿಕ್ಕು 1883ರಲ್ಲಿ ಅಚ್ಚಾಯಿತು. ಅದರ ಲೆಕ್ಕ ಬಹಳ ಬಿಗಿ: ಬಂದ ಅಪೊಸ್ತಲ, ಅಂದರೆ ಊರೂರು ತಿರುಗುವ ಬೋಧಕ, ಒಂದು ದಿನ ಇರಲಿ, ಅಗತ್ಯವಿದ್ದರೆ ಎರಡು, ಮೂರನೆಯ ದಿನವೂ ಕೂತರೆ ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ತಂಗುದಾಣ ಮುಟ್ಟುವವರೆಗಿನ ರೊಟ್ಟಿ ಕೊಡಬೇಕು. ಹಣ ಕೇಳಿದರೆ ಅವನೂ ಸುಳ್ಳು ಪ್ರವಾದಿ. ಆತ್ಮಾವೇಶದಲ್ಲಿ "ಊಟ ಬಡಿಸಿ" ಎಂದು ಅಪ್ಪಣೆ ಕೊಟ್ಟವನು ತಾನೇ ಆ ಊಟ ಉಣ್ಣಬಾರದು ಎಂದೂ ಇದೆ. ಎಂಥೆಂಥವರನ್ನು ನೋಡಿ ಬರೆದರೋ! ನಿಮ್ಮ ಕೂಟಕ್ಕೆ ನಮ್ಮ ಲೆಕ್ಕ: ಹಿಂದಿನ ರಾತ್ರಿ ಬರಲಿ, ಮುಗಿದ ಮರುದಿನ ಹೊರಡಲಿ. ನಾಲ್ಕು ರಾತ್ರಿ. ಮುಂಬೈಯಲ್ಲಿ ನೆಂಟರನ್ನು ಕಾಣುವುದಿದ್ದರೆ ಆ ದಿನಗಳು ನೆಂಟರವು. ಕರೆಯೋಲೆಯಲ್ಲೇ ಎರಡೂ ತಾರೀಖು ಬರೆದುಬಿಡಿ. ಬಂದ ಮೇಲೆ ಹೇಳುವುದಕ್ಕೆ ಯಾರಿಗೂ ನಾಲಿಗೆ ಏಳುವುದಿಲ್ಲ.

ಬರುವ ದಾರಿಯನ್ನೂ ಬರೆದು ಕಳಿಸಿ. ಹುಬ್ಬಳ್ಳಿ, ಕಲಬುರಗಿ ಕಡೆಯಿಂದ ಪುಣೆ ಮಾರ್ಗವಾಗಿ ಬರುವವರು ಕಲ್ಯಾಣದಲ್ಲಿ ಇಳಿಯಲಿ. ದಾದರ್‌ವರೆಗೆ ಹೋಗಿ ಹಿಂದೆ ಬರುವುದು ಬೇಡ. ಮತ್ಸ್ಯಗಂಧ ರೈಲಿನಲ್ಲಿ ಬರುವ ಕರಾವಳಿಯವರಿಗೆ ಥಾಣೆ. ಕಲ್ಯಾಣದಿಂದ ಲೋಕಲ್‌ನಲ್ಲಿ ನೀವು ಎರಡನೆಯ ಸ್ಟೇಷನ್, ನಿಜ. ಆದರೆ ಬೆಳಿಗ್ಗೆ ಎಂಟರ ಹೊತ್ತಿಗೆ ಡೊಂಬಿವಲಿಯಲ್ಲಿ ಹತ್ತುವವರ ನೂಕಿನಲ್ಲಿ ಪೆಟ್ಟಿಗೆ ಹಿಡಿದವರು ಇಳಿಯಲಾರರು. ಆಟೋ ಮಾಡಿ.

ಮನೆ ಚಿಕ್ಕದೆಂಬ ಮುಜುಗರ ಬೇಡ. ಬೈಬಲಿನಲ್ಲಿ ಶೂನೇಮ್ ಊರಿನ ಸ್ತ್ರೀ ಪ್ರವಾದಿ ಎಲೀಷನಿಗೆ ಮಾಳಿಗೆಯ ಮೇಲೆ ಇಟ್ಟದ್ದು ನಾಲ್ಕೇ: ಮಂಚ, ಮೇಜು, ಕುರ್ಚಿ, ದೀಪ. ಆ ಪಟ್ಟಿ ಇಂದಿಗೂ ಸರಿ. ನಮ್ಮ ಮನೆಗಳಲ್ಲಿ ಮಂಚ ಸಿಗುತ್ತದೆ, ಮಿಕ್ಕ ಮೂರು ಮರೆಯುತ್ತೇವೆ. ಪ್ರಸಂಗ (ಕೂಟದ ಬೋಧನೆ) ಸಿದ್ಧಮಾಡುವವರಿಗೆ ಬೆಳಿಗ್ಗೆ ಎರಡು ತಾಸು ಟಿವಿ ಇಲ್ಲದ ಮೇಜು ಬೇಕು, ಪಕ್ಕದಲ್ಲಿ ಚಾರ್ಜರಿಗೆ ಪ್ಲಗ್. ಒಳಕೋಣೆ ಅವರಿಗೆ ಬಿಡಿ, ನೀವು ಹಾಲ್‌ನಲ್ಲಿ ಮಲಗಿ. ತಿರುವುಮುರುವು ಮಾಡಿದರೆ ನೀವು ಮುಂಜಾನೆ ಡಬ್ಬಿ ಕಟ್ಟುವಾಗ ಅವರ ನಿದ್ದೆ ಕೆಡುತ್ತದೆ. ನೀರು ಬರುವ ಹೊತ್ತನ್ನು ಮೊದಲ ದಿನವೇ ಹೇಳಿ, ಎರಡು ಬಕೆಟ್ ತುಂಬಿಸಿಟ್ಟುಬಿಡಿ. ಗೇಟಿನ ವಾಚ್‌ಮನ್ನರಿಗೆ ಹೆಸರು ಕೊಟ್ಟಿರಿ.

ಊಟದ ಸಾಮಾನು ಹೆಚ್ಚಲ್ಲ. ಇಬ್ಬರಿಗೆ ಮೂರು ದಿನ, ಎರಡು ಹೊತ್ತು ಎಂದರೆ ಹನ್ನೆರಡು ಊಟ, ಒಂದೂವರೆ ಕಿಲೋ ಅಕ್ಕಿ. ಬೀದರ್, ಕಲಬುರಗಿಯವರಾದರೆ ಅಂಗಡಿಯಲ್ಲಿ ಭಾಕ್ರಿ ಹಿಟ್ಟು ಎಂದು ಕೇಳಿ, ಜೋಳದ್ದು, ಮಂಗಳೂರಿನವರಿಗೆ ಕುಚಲಕ್ಕಿ. ಕೆಡುವುದು ಬೇರೆ ಕಡೆ: ಮಧ್ಯಾಹ್ನ ಒಂದು ಮನೆಯಲ್ಲಿ ಕೋಳಿ ಸುಕ್ಕ, ಸಂಜೆ ಇನ್ನೊಂದರಲ್ಲಿ ಬಿರಿಯಾನಿ, ಒಲ್ಲೆ ಎಂದರೆ ಮುನಿಸು. ಎರಡನೆಯ ರಾತ್ರಿ ಪ್ರಸಂಗಿಗೆ ಹೊಟ್ಟೆ ಹಿಡಿದುಕೊಂಡೇ ಪೀಠ ಹತ್ತುವ ಗತಿ. ಮನೆಯಿಂದ ಮನೆಗೆ ಹೋಗಬೇಡಿರಿ ಎಂದು ಯೇಸು ಎಪ್ಪತ್ತು ಮಂದಿಗೆ ಹೇಳಿದ್ದನ್ನು (ಲೂಕ 10:7) ಇಲ್ಲಿ ಅಕ್ಷರಶಃ ಪಾಲಿಸಬಹುದು. ಊಟ ನಿಮ್ಮಲ್ಲೇ ಆಗಲಿ, ಉಳಿದವರು ಪಾತ್ರೆಯಲ್ಲಿ ತಂದುಕೊಡಲಿ. ಕೂಟಕ್ಕೆ ಮುಂಚೆ ಗಂಜಿ, ತೊವ್ವೆ, ಇಡ್ಲಿ. ಭಾರಿ ಊಟ ಆಮೇಲೆ. ಸಕ್ಕರೆ ಕಾಯಿಲೆ ಇದೆಯೇ ಎಂದು ಫೋನಿನಲ್ಲೇ ಕೇಳಿ. ಇದ್ದರೆ ಕೂಟ ಎಷ್ಟು ತಡವಾದರೂ ಊಟದ ಹೊತ್ತು ತಪ್ಪಬಾರದು.

ನಿಜವಾದ ಖರ್ಚು ನಿಮ್ಮ ರಜೆ. ಬೆಳಗಿನ ಲೋಕಲ್ ಹಿಡಿಯುವ ನೀವು ಮೂರು ದಿನ ರಜೆ ಹಾಕಿದ್ದನ್ನು ಸಭೆಯ ಲೆಕ್ಕದಲ್ಲಿ ಯಾರೂ ಬರೆಯುವುದಿಲ್ಲ. ಸ್ತ್ರೀಸಮಾಜದಿಂದ ದಿನಕ್ಕೊಬ್ಬರು ಒಂಬತ್ತರಿಂದ ಆರರವರೆಗೆ ನಿಮ್ಮ ಮನೆಯಲ್ಲಿರಲಿ. ಆಗದಿದ್ದರೆ ಆ ವರ್ಷ ಲಾಡ್ಜ್ ಹಿಡಿಯಲಿ; ಅದರಲ್ಲಿ ನಾಚಿಕೆಯೇನೂ ಇಲ್ಲ.

ಹಣದ ವಿಷಯದಲ್ಲಿ ನಾವು ಕಟ್ಟುನಿಟ್ಟು. ಪ್ರಯಾಣ, ಮನೆಖರ್ಚು, ಕಾಣಿಕೆ ಮೂರೂ ಬೇರೆ ಬೇರೆ. ಒಂದೇ ಲಕೋಟೆಗೆ ತುಂಬಿದರೆ ಏನಾಗುತ್ತದೆ? ಟಿಕೆಟ್ಟಿಗೆ 1,400, ಆಟೋಗೆ 300, ದಾರಿಯ ಊಟಕ್ಕೆ 400 ಅವರ ಜೇಬಿನಿಂದ ಹೋಗಿದೆ ಎನ್ನಿ. 2,000ದ ಲಕೋಟೆ ಹಿಡಿದು ಹೋದವರು 100 ರೂಪಾಯಿ ಕಳೆದುಕೊಂಡು ಹೋದರು. ಪೀಠದ ಮುಂದೆ ಶಾಲು ಹೊದಿಸಿ ಫೋಟೋ ತೆಗೆದದ್ದು ಬೇರೆ! ಪ್ರಯಾಣದ ಹಣ ಟಿಕೆಟ್ ತೆಗೆಯುವಾಗಲೇ ಸಭೆ ಕೊಡಲಿ. ನಿಮ್ಮ ಮನೆಖರ್ಚನ್ನು ಖಜಾಂಚಿ ಕೇಳಿ ಕೊಡಲಿ. ಬೇಡವಾದರೆ ನೀವು ಕಾಣಿಕೆ ಪೆಟ್ಟಿಗೆಗೆ ಹಾಕಿ. ಕಾಣಿಕೆಯನ್ನು ಇಬ್ಬರು ಎಣಿಸಿ, ವೋಚರಿಗೆ ಸಹಿ ಹಾಕಿಸಿ, ಒಳಗೆ ಕೂತು ಕೊಡಲಿ. ಎಷ್ಟು ಎಂದರೆ, ಅವರು ಊರು ಬಿಟ್ಟ ದಿನಗಳಿಗೆ ನಿಮ್ಮ ಸಭೆಯ ಅಯ್ಯನವರ (ಪಾಸ್ಟರರ) ದಿನದ ಸಂಬಳಕ್ಕೆ ಕಡಿಮೆಯಾಗದಷ್ಟು. ಸಂಸ್ಥೆಯ ಸಂಬಳದ ಸುವಾರ್ತಿಕರಾದರೆ ಕಾಣಿಕೆ ಸಂಸ್ಥೆಗೆ ಸೇರಬೇಕೋ ಎಂದು ಮೊದಲೇ ಕೇಳಿ, ರಸೀದಿ ಪಡೆಯಿರಿ.

ಯಾರು ಎಂದು ವಿಚಾರಿಸುವುದು ಅಪನಂಬಿಕೆಯಲ್ಲ. ಸಭೆಯ ಸೇವಕಿ ಫೊಯಿಬೆಗೆ ಅಪೊಸ್ತಲ ಪೌಲನೇ ಶಿಫಾರಸು ಬರೆದ. ಕಳಿಸಿದ ಸಭೆಯ ನಂಬರನ್ನು ಅತಿಥಿಯಿಂದ ಪಡೆಯದೆ ನೀವೇ ಹುಡುಕಿ ಫೋನ್ ಮಾಡಿ. ಆದರೆ ಎಚ್ಚರಿಕೆಯ ಹೆಸರಲ್ಲಿ ಬಾಗಿಲನ್ನೇ ಮುಚ್ಚಬೇಡಿ; ಬಂದ ಸಹೋದರರನ್ನು ಸೇರಿಸಿಕೊಳ್ಳದ ದಿಯೊತ್ರೇಫನೂ ಯೋಹಾನನ ಮೂರನೆಯ ಪತ್ರದಲ್ಲಿದ್ದಾನೆ, ನೆನಪಿರಲಿ. ವಿದೇಶಿಯರು ಬಂದರೆ ನಿಯಮ ಬೇರೆ: ಮನೆಯಲ್ಲಿ ಇಳಿಸಿಕೊಂಡ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನಿನಲ್ಲಿ ತಿಳಿಸಬೇಕು, ಪ್ರವಾಸಿ ವೀಸಾದವರನ್ನು ಪ್ರಸಂಗಕ್ಕೆ ನಿಲ್ಲಿಸಬಾರದು, ಅವರು ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ, ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಸಭೆ ಮುಟ್ಟುವಂತಿಲ್ಲ.

ಇನ್ನು ಹೊರಡುವ ದಿನ. ಗಾಯನಿಗೆ ಯೋಹಾನ, ತೀತನಿಗೆ ಪೌಲ ಬರೆಯುವಾಗ ಬಳಸಿದ ಗ್ರೀಕ್ ಪದ ಒಂದೇ, ಪ್ರೊಪೆಂಪೊ, ನಮ್ಮಲ್ಲಿ ಸಾಗಕಳುಹಿಸು. ದಾರಿಖರ್ಚು, ಬುತ್ತಿ, ಬೇಕಾದರೆ ಜೊತೆಗೊಬ್ಬರು, ಎಲ್ಲ ಅದರಲ್ಲಿದೆ. ದಾರಿ ಹಿಡಿದ ಜೇನನಿಗೂ ಅಪೊಲ್ಲೋಸನಿಗೂ ಏನೂ ಕೊರತೆಯಾಗಬಾರದು ಎಂದು ಪೌಲ ಬಿಡಿಸಿಯೇ ಹೇಳಿದ್ದಾನೆ. ನಾವೋ, ಬರಮಾಡಿಕೊಳ್ಳಲು ಹತ್ತು ಮಂದಿ ಹೋಗಿ, ಕಳಿಸುವಾಗ ಆಟೋ ಕರೆದು ಕೈಬೀಸುತ್ತೇವೆ. ಕಲ್ಯಾಣದಲ್ಲಿ ಗಾಡಿ ನಿಲ್ಲುವುದು ಕೆಲವೇ ನಿಮಿಷ. ಪೆಟ್ಟಿಗೆ ಎತ್ತಿಕೊಡಲು ಇಬ್ಬರು ಯುವಕರು ಪ್ಲಾಟ್‌ಫಾರ್ಮ್‌ವರೆಗೆ ಹೋಗಲಿ. ಬುತ್ತಿಗೆ ಚಪಾತಿ, ಒಣ ಪಲ್ಯ, ಚಟ್ನಿಪುಡಿ. ಮೀನು ಬೇಡ, ಬೋಗಿಯವರೆಲ್ಲ ಶಪಿಸುತ್ತಾರೆ. ಮುಂದೆ ಬೇರೆ ಊರಿನ ಕೂಟವಿದ್ದರೆ ಅಲ್ಲಿನವರಿಗೆ ಗಾಡಿಯ ಹೊತ್ತು, ಊಟದ ಪಥ್ಯ ತಿಳಿಸಿ.

ಉಪ್ಪಿನಕಾಯಿ ಧಾರಾಳವಾಗಿ ಕೊಡಿ. ಆದರೆ ಗಾಜಿನ ಸೀಸೆ ಬೇಡ. ಪ್ಲಾಸ್ಟಿಕ್ ಡಬ್ಬಿಯನ್ನು ಮುಕ್ಕಾಲು ಮಾತ್ರ ತುಂಬಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಹಾಕಿ ಮುಚ್ಚಳ ತಿರುಗಿಸಿ, ಸುತ್ತ ಟೇಪ್ ಹಚ್ಚಿ, ಎರಡು ಚೀಲದಲ್ಲಿ ಕಟ್ಟಿ, ಬಟ್ಟೆ ಮತ್ತು ಬೈಬಲ್ ಇರುವ ಪೆಟ್ಟಿಗೆಯಲ್ಲಿಡದೆ ಕೈಗೇ ಕೊಡಿ.